ಬೋರಲಿಂಗ ಅನಿಲ ಅಳೆದದ್ದು

ಕಾಲೇಜಿನ ಪ್ರಯೋಗಾಲಯಕ್ಕೆ ಇದ್ದದ್ದು ಒಂದೇ ನಿಯಮ: ಕಂಡ ಅಳತೆಯನ್ನೇ ಬರೆಯಬೇಕು. ಆ ಕಾಲೇಜಿನಲ್ಲಿ ಅದನ್ನು ಮುರಿಯದವರಿರಲಿಲ್ಲ. ಅಲ್ಲಿ ಅಟೆಂಡರಾಗಿದ್ದ ಕೆಂಚಯ್ಯ ಆಸಿಡ್ ಹೊಗೆ ಕುಡಿದು ಕುಡಿದೇ ಸತ್ತ. ಹೊಗೆ ಎಳೆಯುವ ಫ್ಯಾನು ರಿಜಿಸ್ಟರಿನಲ್ಲಿ ಮಾತ್ರ ತಿರುಗುತ್ತಿತ್ತು.

ಕೆಂಚಯ್ಯನಿಗೊಬ್ಬ ಮಗ, ಬೋರಲಿಂಗ. ಪೆದ್ದ ಅಂದರೆ ಪೆದ್ದ. ಅಲ್ಲೇ ಪಿಯುಸಿ ಓದುತ್ತಿದ್ದ. ಪಾಸಾದರೆ ಅಪ್ಪನ ಕೆಲಸ ಅವನಿಗೆ. ಈ ವರ್ಷ ತಪ್ಪಿದರೆ ಇನ್ನೊಬ್ಬರ ಪಾಲು.

"ಮೇಷ್ಟ್ರು ಹೇಳಿದಷ್ಟು ಮಾಡೋ ನನ್ನಪ್ಪ" ಅಂತ ತಾಯಿ ಸಾಕಮ್ಮ ಕೈಮುಗಿದಳು.

ಹೇಳಿದಷ್ಟೇ ಮಾಡಿದ. ಶೇಷಪ್ಪ ಮೇಷ್ಟ್ರು ಆಸಿಡ್ಡಿಗೆ ಮೆಗ್ನೀಸಿಯಂ ಪಟ್ಟಿ ಹಾಕಿಸಿ, ಎದ್ದ ಅನಿಲವನ್ನು ನೀರು ತುಂಬಿದ ಗಾಜಿನ ಕೊಳವೆಯಲ್ಲಿ ಹಿಡಿಸಿದರು. "ಬಿಸಿ ತಾಗಿದರೆ ಅನಿಲ ಹಿಗ್ಗುತ್ತೆ ಕಣೋ. ಕೊಳವೆಗೆ ಕೈ ತಾಗಿಸಬೇಡ" ಅಂದರು. ಬೋರಲಿಂಗ ಹಿಡಿದಿದ್ದ ಕೊಳವೆಯನ್ನು ಬಿಟ್ಟುಬಿಟ್ಟ. ಚೂರುಚೂರಾಯಿತು.

"ಅಯ್ಯೋ ಮಂಕೆ, ಕೈಗೆ ಕೊಟ್ಟದ್ದನ್ನ ಬಿಗಿಯಾಗಿ ಹಿಡ್ಕೋಬೇಕು ಕಣೋ" ಅಂದಳು ಮನೆಯಲ್ಲಿ ತಾಯಿ.

ಹಿಡಿದುಕೊಂಡ. ಮರುವಾರ ನೀರಿನ ಬಿಸಿ ನೋಡಲು ಥರ್ಮಾಮೀಟರ್ ಕೊಟ್ಟರು. ಅದರ ಪಾದರಸದ ತುದಿಯನ್ನೇ ಮುಷ್ಟಿಯಲ್ಲಿ ಬಿಗಿಹಿಡಿದು ಓದಿದ: ಮೂವತ್ತಾರು.

"ನೀರಿಗೆ ಜ್ವರ ಬಂದಿದೆಯೇನಯ್ಯಾ?" ಅಂದರು ಮೇಷ್ಟ್ರು.

"ಮುಟ್ಟಿ ನೋಡಲಿಲ್ಲ ಸಾರ್."

ತಾಯಿ ಹಣೆ ಚಚ್ಚಿಕೊಂಡಳು. "ಇನ್ಮೇಲೆ ಕಣ್ಣಿಗೆ ಏನು ಕಾಣುತ್ತೋ ಅಷ್ಟು ಬರಿ. ಬೇರೆ ಬುದ್ಧಿ ಓಡಿಸಬೇಡ, ನಿನಗಿಲ್ಲ ಅದು."

ಪರೀಕ್ಷೆ ಬಂತು. ತೇವ ಕುಡಿದು ಮಂಕಾಗಿದ್ದ ಹಳೇ ಪಟ್ಟಿಗಳನ್ನೇ ಹಂಚಿದರು. ಎಲ್ಲರ ಕೊಳವೆಯಲ್ಲೂ ಅನಿಲ ಮೂವತ್ತೊಂದು ಮಿಲಿಲೀಟರಿಗೇ ನಿಂತಿತು. ಪುಸ್ತಕದ ಲೆಕ್ಕಕ್ಕೆ ನಲವತ್ತು ಬೇಕು. ಹುಡುಗರು ಮೇಷ್ಟ್ರು ಕಲಿಸಿದಂತೆ ಉತ್ತರದಿಂದ ಹಿಂದಕ್ಕೆ ನಡೆದರು. ಬಿಸಿ, ಗಾಳಿಯ ಒತ್ತಡ, ನೀರಾವಿಯ ಒತ್ತಡ, ಎಲ್ಲವನ್ನೂ ಹೊಂದಿಸಿ ನಲವತ್ತು ಅಂತ ಬರೆದರು. ಬೋರಲಿಂಗ ಮೂವತ್ತೊಂದು ಬರೆದ.

ಬೇರೆ ಊರಿಂದ ಬಂದ ಪರೀಕ್ಷಕರು ಕಿಟಕಿಯ ಕಡೆ ತಿರುಗಿ ಕಾಫಿ ಹೀರುತ್ತಿದ್ದರು. ಶೇಷಪ್ಪ ಮೇಷ್ಟ್ರು ಬಗ್ಗಿ ಪಿಸುಗುಟ್ಟಿದರು: "ನಿಮ್ಮಪ್ಪನ ಮುಖ ನೋಡಿ ಹೇಳ್ತಿದೀನಿ. ನಲವತ್ತು ಮಾಡು. ಇಲ್ಲದಿದ್ರೆ ಇವರು ಫೇಲ್ ಮಾಡ್ತಾರೆ, ಕೆಲಸ ಹೋಗುತ್ತೆ. ನಿಮ್ಮಮ್ಮ ಏನು ತಿಂತಾಳೆ?"

"ಗೊತ್ತಿಲ್ಲ ಸಾರ್. ಕೊಳವೇಲಿ ಮೂವತ್ತೊಂದಿದೆ."

"ಇರಲಿ. ನಾನು ಹೇಳಿದ್ದನ್ನ ಬರಿ."

ಬೋರಲಿಂಗ ತಲೆಯಾಡಿಸಿದ. ಮೂವತ್ತೊಂದನ್ನು ಹೊಡೆದುಹಾಕಲಿಲ್ಲ. ಅದರ ಕೆಳಗೆ ದುಂಡಗೆ ಬರೆದ: 'ಕಂಡದ್ದು ಮೂವತ್ತೊಂದು. ಶೇಷಪ್ಪ ಮೇಷ್ಟ್ರು ಹೇಳಿದ್ದು ನಲವತ್ತು.' ಸಹಿ ಹಾಕಿ, ಎದ್ದು ಹೋಗಿ, ಹಾಳೆಯನ್ನು ಪರೀಕ್ಷಕರ ಕಾಫಿ ಲೋಟದ ಪಕ್ಕದಲ್ಲಿಟ್ಟ.