ದುಗ್ಗಮ್ಮ ಕಟ್ಟಿದ ನುಸಿ

ಬಹಳ ಹಿಂದೆ, ಬೆಟ್ಟದ ಬುಡದ ಒಂದು ಊರಲ್ಲಿ, ದುಗ್ಗಮ್ಮ ಅಂತ ಒಬ್ಬ ಬೆಸ್ತರ ಹೆಂಗಸು ಇದ್ದಳಂತೆ. ಎಷ್ಟು ಹಿಂದೆ ಎಂದರೆ, ನನ್ನ ಅಜ್ಜಿಯ ಅಜ್ಜಿಗೂ ಅವಳು ಕೇಳಿದ ಮಾತೇ ಹೊರತು ಕಂಡ ಮುಖವಲ್ಲ. ಊರು ಅಂದೆ, ಆದರೆ ಅದು ಹದಿಮೂರು ಒಲೆಗಳ ಕೇರಿ ಅಷ್ಟೆ. ಒಲೆ ಅಂದರೆ ಇಲ್ಲಿ ಮನೆ ಅಂತ ತಿಳಿಯಬೇಕು. ಹದಿಮೂರನೆಯ ಒಲೆ ದುಗ್ಗಮ್ಮನದು. ಗಂಡ ತೀರಿಹೋಗಿದ್ದ, ಅವನ ಗಾಳವನ್ನು ಅವಳೇ ಹಿಡಿದಿದ್ದಳು.

ಕೇರಿಯ ಪಕ್ಕದಲ್ಲಿ ತಣ್ಣೀರಿನ ಹಳ್ಳ, ಆ ಹಳ್ಳದಲ್ಲಿ ಒಂದು ಮಡು. ಮಡು ಅಂದರೆ ಹರಿಯುವ ನೀರು ನಿಂತು ಆಳವಾಗುವ ಜಾಗ. ಅದರಲ್ಲಿ ಮೈತುಂಬ ಚುಕ್ಕೆಯಿರುವ ಮೀನು. ಒಂದು ಬೇಸಿಗೆಯಲ್ಲಿ ಆ ಮೀನು ಯಾರ ಕೈಗೂ ಸಿಗದೆ ಹೋಯಿತಂತೆ. ನೀರು ಅಷ್ಟು ತಿಳಿ. ಬಲೆ ಬೀಸಿದರೆ ಬಲೆಯೇ ಕಾಣುತ್ತಿತ್ತು. ಎರೆಹುಳು ಚುಚ್ಚಿ ಬಿಟ್ಟರೆ ಮೀನು ತಿರುಗಿಯೂ ನೋಡುತ್ತಿರಲಿಲ್ಲ. ಯಾಕೆಂದರೆ ಆ ವರ್ಷ ಮಡುವಿನ ಮೇಲೆ ನುಸಿಯೋ ನುಸಿ. ನುಸಿ ಅಂದರೆ ಎಳ್ಳುಕಾಳಿಗಿಂತ ಸಣ್ಣ ಹುಳ. ಮೀನು ಅದನ್ನೇ ತಿಂದು ಹೊಟ್ಟೆ ತುಂಬಿಸಿಕೊಳ್ಳುತ್ತಿತ್ತು. ಕೇರಿಯ ಹೊಟ್ಟೆ ಮಾತ್ರ ಖಾಲಿ.

ಕೇರಿಯ ಯಜಮಾನ ಸೋಬಯ್ಯ, ದುಗ್ಗಮ್ಮನ ಮೈದುನ. ಮಡುವಿಗೆ ಕಾರೆಕಾಯಿ ಹಾಕೋಣ ಅಂತ ಅವನು ಹೇಳಿದ. ಕಾರೆಕಾಯಿ ಜಜ್ಜಿ ಕದಡಿದರೆ ಮೀನಿಗೆ ಮತ್ತು ಬಂದು ಮೇಲೆ ತೇಲುತ್ತದೆ, ಬಾಚಿಕೊಂಡರಾಯಿತು. ಆದರೆ ದೊಡ್ಡ ಮೀನಿನ ಜೊತೆ ಮರಿಯೂ ತೇಲುತ್ತದೆ. ಕೆಳಗಿನ ಮಡುವಿಗೆ ಹಿಂದೊಮ್ಮೆ ಹೀಗೇ ಹಾಕಿ, ಆರು ವರ್ಷ ಅಲ್ಲಿ ಕಪ್ಪೆ ಬಿಟ್ಟು ಬೇರೇನೂ ಕಂಡಿರಲಿಲ್ಲ. ಅಕ್ಕಿನುಚ್ಚಿನ ಹಾಗೆ ತೇಲಿದ ಮರಿಗಳನ್ನು ದುಗ್ಗಮ್ಮ ಕಣ್ಣಾರೆ ಕಂಡಿದ್ದಳು. ಇದೂ ಹೋದರೆ ಇನ್ನು ಮಡುವೇ ಇರಲಿಲ್ಲ.

"ಅಮಾವಾಸ್ಯೆವರೆಗೆ ತಡಿ, ಸೋಬಯ್ಯ," ಅಂದಳಂತೆ. "ಅವತ್ತು ಹೊತ್ತು ಮುಳುಗೋದ್ರೊಳಗೆ ಒಲೆಗೊಂದು ಮೀನು ಕೊಡ್ತೀನಿ. ಆಗ್ದಿದ್ರೆ ಕಾಯಿ ನಾನೇ ಜಜ್ತೀನಿ."

"ಯಾವುದ್ರಲ್ಲಿ ಹಿಡೀತೀಯ, ಅತ್ಗೆ?"

"ನುಸೀಲಿ."

ಕೇರಿಗೆ ಕೇರಿಯೇ ನಕ್ಕಿತಂತೆ. ನಗದೆ ಏನು ಮಾಡಬೇಕು? ನುಸಿಯನ್ನು ಗಾಳಕ್ಕೆ ಚುಚ್ಚಲು ಬರುವುದಿಲ್ಲ, ಮುಟ್ಟಿದರೆ ಪುಡಿಯಾಗುತ್ತದೆ. ಅದಕ್ಕೇ ಅವಳು ನುಸಿಯನ್ನು ಕಟ್ಟಲು ಕೂತಳು. ಸೂಜಿಯನ್ನು ಕಾಯಿಸಿ ಬಗ್ಗಿಸಿ ಸಣ್ಣ ಗಾಳ ಮಾಡಿದಳು. ಅದಕ್ಕೆ ರೇಷ್ಮೆ ಎಳೆ ಸುತ್ತಿ ಮೈ ಮಾಡಿದಳು. ಕಾಡುಕೋಳಿಯ ಕತ್ತಿನ ಗರಿಯಿಂದ ಒಂದೊಂದೇ ಎಳೆ ಬಿಡಿಸಿ ರೆಕ್ಕೆ ಕಟ್ಟಿದಳು. ಕುದುರೆ ಬಾಲದ ಕೂದಲೇ ದಾರ. ಅವಳು ಕಟ್ಟಿದ ನುಸಿಯನ್ನು ನಿಜವಾದದ್ದೆಂದು ನಂಬಿ ಜೇಡವೊಂದು ಹಾರಿ ಹಿಡಿಯಿತಂತೆ.

ಜೇಡ ನಂಬಿತು, ಮೀನು ನಂಬಲಿಲ್ಲ. ಕೆಳಗಿನಿಂದ ಬರುತ್ತಿತ್ತು, ನೋಡುತ್ತಿತ್ತು, ಹೋಗುತ್ತಿತ್ತು. ಎಂಟು ದಿನ ಇದೇ ಆಯಿತು.

"ಸೊಳ್ಳೆಗೆ ಸೀರೆ ಉಡಿಸ್ತಿದ್ದೀಯಂತೆ, ಅತ್ಗೆ," ಅಂದ ಸೋಬಯ್ಯ. "ಸೆರಗು ಸರಿ ಬಂತಾ?"

ದುಗ್ಗಮ್ಮನ ತಲೆಯಲ್ಲಿ ಒಂದೇ ಯೋಚನೆ. ನುಸಿಯನ್ನು ನಾನು ನೋಡುವುದು ದಡದಿಂದ. ಮೀನು ಎಲ್ಲಿಂದ ನೋಡುತ್ತದೆ? ಸೀರೆ ಎತ್ತಿ ಕಟ್ಟಿ ಮಡುವಿಗೆ ಇಳಿದಳು. ಮುಳುಗಿ, ಕಣ್ಣು ಬಿಟ್ಟು, ಮೇಲೆ ನೋಡಿದಳು. ಮೂರು ದಿನ ನೀರೊಳಗೇ ಇದ್ದಳು ಅನ್ನುವವರಿದ್ದಾರೆ. ಅವಳೂ ಮನುಷ್ಯಳೇ, ಉಸಿರು ಬೇಡವೇ? ಮುಳುಗಿ ಎದ್ದಳು, ಮತ್ತೆ ಮುಳುಗಿದಳು, ಕಣ್ಣು ಕೆಂಡವಾಗುವವರೆಗೆ ಮುಳುಗಿದಳು ಅನ್ನುವುದು ಸರಿ.

ಅಲ್ಲಿಂದ ರೆಕ್ಕೆ ಕಾಣಲೇ ಇಲ್ಲವಂತೆ. ಕಂಡದ್ದು ನೀರಿನ ಚಾವಣಿಗೆ ಒಳಗಿನಿಂದ ಜೋತುಬಿದ್ದ ಸಣ್ಣ ಸಣ್ಣ ಕಪ್ಪು ಕಡ್ಡಿಗಳು, ತುಸು ಬಾಗಿದಂಥವು, ತಲೆಯ ಹತ್ತಿರ ಬೆಳ್ಳಗೆ ಗಾಳಿಯ ಚುಕ್ಕೆ. ವಿಷಯ ಏನೆಂದರೆ, ನುಸಿ ಹುಟ್ಟುವುದು ಹಳ್ಳದ ತಳದ ಕೆಸರಿನಲ್ಲಿ. ಮೇಲೆ ಬಂದು, ಜೋತುಬಿದ್ದು, ಪೊರೆ ಸೀಳಿಕೊಂಡು ಆಮೇಲೆ ಹಾರುತ್ತದೆ. ಮೀನು ತಿನ್ನುತ್ತಿದ್ದದ್ದು ಹಾರುವ ನುಸಿಯನ್ನಲ್ಲ, ಇನ್ನೂ ಹಾರಲು ಬಾರದ ನುಸಿಯನ್ನು.

ದುಗ್ಗಮ್ಮ ಮನೆಗೆ ಬಂದು ಗಾಳಕ್ಕೆ ಕಟ್ಟಿದ್ದ ರೆಕ್ಕೆಗಳನ್ನೆಲ್ಲ ಕಿತ್ತುಹಾಕಿದಳು. ಕಪ್ಪು ರೇಷ್ಮೆಯ ಬಾಗಿದ ಮೈ, ತಲೆಗೊಂದು ಸುತ್ತು ಬಿಳಿ ಎಳೆ, ಅಷ್ಟೆ.

ಅಮಾವಾಸ್ಯೆ ಬಂತು. ಸೋಬಯ್ಯ ಕಾರೆಕಾಯಿಯ ಬುಟ್ಟಿ ಹೊರಿಸಿಕೊಂಡು ದಡದಲ್ಲಿ ಕೂತ. ಅವಳು ಗಾಳ ಬಿಟ್ಟಳು. ಮೊದಲ ಮೀನು ಬಂದಾಗ ಯಾರೋ ಕೆಮ್ಮಿದರಂತೆ. ಐದನೆಯದು ಬಂದಾಗ ಕೆಮ್ಮೂ ಇರಲಿಲ್ಲ. ಹನ್ನೆರಡನೆಯದು ದಡಕ್ಕೆ ಬಿದ್ದಾಗ ಬಿಸಿಲು ಬೆಟ್ಟದ ತುದಿಗೆ ಹತ್ತಿತ್ತು. ಹದಿಮೂರನೆಯದು ಕಚ್ಚಿತು, ಎಳೆಯಿತು, ಕೂದಲು ಹರಿಯಿತು. ಗಾಳ ಹೋಯಿತು. ಅವಳ ಹತ್ತಿರ ಇದ್ದ ಸೂಜಿ ಅದೊಂದೇ.

"ಹನ್ನೆರಡಾಯ್ತು, ಅತ್ಗೆ. ಒಲೆ ಹದಿಮೂರು," ಅಂದ ಸೋಬಯ್ಯ. ಅವನ ದನಿಯಲ್ಲೂ ಬಲವಿರಲಿಲ್ಲವಂತೆ.

ದುಗ್ಗಮ್ಮ ಒದ್ದೆ ಸೆರಗು ಹಿಂಡಿಕೊಂಡು ಮನೆಗೆ ನಡೆದಳು. ಒಲೆಯಲ್ಲಿದ್ದ ಕೆಂಡಕ್ಕೆ ಒಂದು ಚೊಂಬು ನೀರು ಸುರಿದು ವಾಪಸು ಬಂದಳು.

"ಈಗ ಎಣಿಸು, ಸೋಬಯ್ಯ. ಒಲೆ ಎಷ್ಟು?"

ಸೋಬಯ್ಯ ಎದ್ದು, ಬುಟ್ಟಿಯನ್ನು ತಾನೇ ಹೊತ್ತು, ಹಳ್ಳದಿಂದ ದೂರ ಒಯ್ದು ಗುಂಡಿ ತೋಡಿ ಮುಚ್ಚಿದ. ಅವತ್ತು ಹನ್ನೆರಡು ಮನೆಯಿಂದಲೂ ದುಗ್ಗಮ್ಮನ ಬಾಗಿಲಿಗೆ ಒಂದೊಂದು ತುಂಡು ಮೀನು ಬಂತಂತೆ.

ಈಗಲೂ ಆ ಕೇರಿಯಲ್ಲಿ ನುಸಿ ಕಟ್ಟಲು ಕಲಿಯುವವರನ್ನು ಮೊದಲು ಮಡುವಿಗೆ ಇಳಿಸಿ ಮೇಲೆ ನೋಡಿಸುತ್ತಾರೆ. ಕೇರಿ ಬೆಳೆದಿದೆ, ಒಲೆಗಳನ್ನು ಎಣಿಸುವವರಿಲ್ಲ. ಆದರೂ ಬೇಸಿಗೆಯ ಆ ಅಮಾವಾಸ್ಯೆಯ ದಿನ, ವರ್ಷಕ್ಕೊಂದು ಮನೆಯವರು ಸರದಿಯಂತೆ ತಮ್ಮ ಒಲೆಗೆ ನೀರು ಸುರಿಯುತ್ತಾರೆ. ಸುರಿದು ಬಾಗಿಲು ತೆರೆದಿಟ್ಟು, ಎಲೆ ಹಾಕಿಕೊಂಡು ಕೂರುತ್ತಾರೆ. ಆ ಎಲೆ ಖಾಲಿ ಉಳಿದದ್ದನ್ನು ಇದುವರೆಗೆ ಯಾರೂ ಕಂಡಿಲ್ಲವಂತೆ.