ಮರಿಗೆ ತೊಡಿಸಿದ ತೊಗಲು

ಮಾಳಪ್ಪನೆಂಬ ಕುರಿಗಾರನಿಗೆ ಅವನ ಅಜ್ಜ ಕಲಿಸಿಕೊಟ್ಟ ಒಂದು ವಿದ್ಯೆ ಗೊತ್ತಿತ್ತು. ಮರಿ ಸತ್ತ ತಾಯಿಕುರಿಗೂ ತಾಯಿ ಸತ್ತ ಮರಿಗೂ ಗಂಟು ಹಾಕುವ ವಿದ್ಯೆ ಅದು. ಸುತ್ತಲಿನ ಹಳ್ಳಿಗಳ ಕುರಿಗಾರರೆಲ್ಲ ಈ ಕೆಲಸಕ್ಕೆ ಅವನನ್ನೇ ಕರೆಯುತ್ತಿದ್ದರು.

ಕುರಿ ಸಾಧುಪ್ರಾಣಿ ಅಂತ ಜನ ಹೇಳುತ್ತಾರೆ. ಸಾಕಿ ನೋಡಿದವರು ಹಾಗೆ ಹೇಳುವುದಿಲ್ಲ. ಕೆಚ್ಚಲು ಹಾಲು ತುಂಬಿ ಬಿಗಿದು ನೋಯುತ್ತಿದ್ದರೂ ಅದು ಪರರ ಮರಿಯನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಒಮ್ಮೆ ಮೂಸುತ್ತದೆ. ತನ್ನ ಮರಿಯ ವಾಸನೆ ಇಲ್ಲವೆಂದು ಗೊತ್ತಾದರೆ ತಲೆಯಿಂದ ಗುದ್ದಿ ದೂರ ತಳ್ಳುತ್ತದೆ. ಆಗ ಮಾಳಪ್ಪ ಸತ್ತ ಮರಿಯ ತೊಗಲನ್ನು ಜೋಪಾನವಾಗಿ ಸುಲಿದು, ಕಾಲು ತೂರಿಸಲು ನಾಲ್ಕು ತೂತು ಮಾಡಿ, ತಬ್ಬಲಿ ಮರಿಗೆ ಅಂಗಿಯ ಹಾಗೆ ತೊಡಿಸುತ್ತಿದ್ದ. ತಾಯಿ ಮತ್ತೆ ಮೂಸಿ ನೋಡಿ, ತನ್ನದೇ ಮರಿ ಬಂತೆಂದು ಹಾಲು ಬಿಡುತ್ತಿತ್ತು. ವಿದ್ಯೆಯ ಅರ್ಧಭಾಗ ಇಷ್ಟು. ಉಳಿದರ್ಧವನ್ನು ಆಮೇಲೆ ಹೇಳುತ್ತೇನೆ, ಯಾಕೆಂದರೆ ತನ್ನ ಮನೆಯ ಮಟ್ಟಿಗೆ ಮಾಳಪ್ಪನೂ ಅದನ್ನು ಮರೆತಿದ್ದ.

ಮಾಳಪ್ಪನಿಗೂ ಅವನ ಹೆಂಡತಿ ಲಗಮವ್ವನಿಗೂ ಹೊನ್ನಿ ಎಂಬ ಒಬ್ಬಳೇ ಮಗಳಿದ್ದಳು. ಆರನೇ ವರ್ಷದಲ್ಲಿ ಜ್ವರ ಬಂದು ತೀರಿಕೊಂಡಳು. ಅಂದಿನಿಂದ ಲಗಮವ್ವನ ಮಾತು ನಿಂತೇಹೋಯಿತು. ರೊಟ್ಟಿ ಬಡಿಯುತ್ತಿದ್ದಳು, ಕೊಟ್ಟಿಗೆ ಗುಡಿಸುತ್ತಿದ್ದಳು, ಅಷ್ಟೇ. ಎರಡು ವರ್ಷ ಹೀಗೇ ಕಳೆದ ಮೇಲೆ ಇಬ್ಬರೂ ಜಿಲ್ಲೆಯ ಊರಿಗೆ ಹೋಗಿ, ಮಗುವನ್ನು ದತ್ತು ತೆಗೆದುಕೊಳ್ಳಲು ಅರ್ಜಿ ಹಾಕಿದರು. ದತ್ತು ಕಚೇರಿಯ ಅಮ್ಮಾವರೊಬ್ಬರು ಮನೆಗೇ ಬಂದು ವಿಚಾರಿಸಿಕೊಂಡು ಹೋದರು. ಹೆಣ್ಣು ನೋಡಲು ಬಂದ ಬೀಗರೂ ಅಷ್ಟು ಪ್ರಶ್ನೆ ಕೇಳಿರಲಿಕ್ಕಿಲ್ಲ. ಕಾದು ಕಾದು ಒಂದೂವರೆ ವರ್ಷಕ್ಕೆ ಆರು ವರ್ಷದ ಒಂದು ಹುಡುಗಿ ಬಂದಳು. ಹೆಸರು ಯಮುನಾ. ಎರಡು ಜಡೆ, ಕೈಯಲ್ಲೊಂದು ಬಟ್ಟೆಯ ಚೀಲ.

ಲಗಮವ್ವ ಹೊಸ್ತಿಲಲ್ಲಿ ನಿಂತು ಹುಡುಗಿಯ ಮುಖವನ್ನು ಬಹಳ ಹೊತ್ತು ನೋಡಿದಳು. ಅಲ್ಲಿ ಹೊನ್ನಿಯ ಹೋಲಿಕೆ ಒಂದಿಷ್ಟೂ ಇರಲಿಲ್ಲ. ಮುಖ ತಿರುಗಿಸಿ ಒಳಗೆ ಹೋಗಿಬಿಟ್ಟಳು.

ಇದು ಮಾಳಪ್ಪನಿಗೆ ಗೊತ್ತಿದ್ದ ಸಂಗತಿಯೇ. ಕುರಿ ಮೂಸಿ ನೋಡಿ ಮುಖ ತಿರುಗಿಸಿದ್ದನ್ನು ಅವನು ನೂರು ಸಲ ಕಂಡಿದ್ದ. ಕುರಿಗೆ ನಡೆಯುವುದು ಮನುಷ್ಯರಿಗೆ ಯಾಕೆ ನಡೆಯಬಾರದು ಅನ್ನಿಸಿತು. ಟ್ರಂಕಿನಿಂದ ಹೊನ್ನಿಯ ಹಸಿರು ಲಂಗವನ್ನೂ ಕಾಲ್ಗೆಜ್ಜೆಯನ್ನೂ ತೆಗೆದು ಹುಡುಗಿಗೆ ತೊಡಿಸಿದ. "ಇವತ್ತಿಂದ ನೀ ಹೊನ್ನಿ" ಅಂದ. ಗೆಜ್ಜೆಯ ಸಪ್ಪಳಕ್ಕೆ ಲಗಮವ್ವ ಒಲೆಯ ಮುಂದಿನಿಂದ ಎದ್ದು ಬಂದಳು. ಹುಡುಗಿಯನ್ನು ಬಾಚಿ ತಬ್ಬಿಕೊಂಡು ಅತ್ತಳು. ಊರವರೂ ಬಂದು ನೋಡಿ, "ಹೊನ್ನಿ ಹೊಳ್ಳಿ ಬಂದಂಗಾತು ಬಿಡ್ರಿ" ಅಂದರು. ಮಾಳಪ್ಪ ಮೀಸೆಯಲ್ಲೇ ನಕ್ಕ.

ಹುಡುಗಿ ಬಹಳ ಒಳ್ಳೆಯವಳಾಗಿದ್ದಳು. ಹಾಕಿದ್ದನ್ನು ಉಣ್ಣುತ್ತಿದ್ದಳು, ತನ್ನ ತಾಟು ತಾನೇ ತೊಳೆದಿಡುತ್ತಿದ್ದಳು. ಅಳಲಿಲ್ಲ, ಹಟ ಮಾಡಲಿಲ್ಲ, ಒಂದನ್ನೂ ಬೇಡಲಿಲ್ಲ. ಓಣಿಯ ಹೆಂಗಸರು "ಎಂಥಾ ಶಾಣ್ಯಾ ಹುಡುಗಿ" ಎಂದು ಹೊಗಳಿದ್ದೇ ಹೊಗಳಿದ್ದು. ಆದರೆ ಲಗಮವ್ವನ ಕರುಳಿಗೆ ಬೇರೆಯೇ ಅನ್ನಿಸುತ್ತಿತ್ತು. ಹುಡುಗಿ ಒಮ್ಮೆಯೂ ಅವ್ವ ಅನ್ನಲಿಲ್ಲ. "ನೀರು ಕೊಡ್ರಿ", "ಸಾಕ್ರಿ" ಎಂದು ಬೀಗರ ಮನೆಗೆ ಬಂದವರ ಹಾಗೆ ಮಾತಾಡುತ್ತಿದ್ದಳು. ಹೊನ್ನೀ ಎಂದು ಮೂರು ಸಲ ಕೂಗಿದರೆ ಒಮ್ಮೆ ತಿರುಗುತ್ತಿದ್ದಳು. ಅವಳು ತಂದಿದ್ದ ಚೀಲ ಕಟ್ಟಿದ ಗಂಟೂ ಬಿಚ್ಚದೆ ಬಾಗಿಲ ಪಕ್ಕದ ಗೂಟದಲ್ಲೇ ತೂಗುತ್ತಿತ್ತು.

"ಹೊನ್ನಿಗೆ ಶೇಂಗಾ ಹೋಳಿಗಿ ಅಂದ್ರ ಜೀವ ಇತ್ತು. ನೀ ಯಾಕ ತಿನ್ನವಲ್ಲಿ?" ಎಂದು ಲಗಮವ್ವ ಕೇಳಿದರೆ ಹುಡುಗಿ ತಲೆ ತಗ್ಗಿಸಿ, ನೀರು ಕುಡಿದು ಕುಡಿದು ಹೋಳಿಗೆ ನುಂಗುತ್ತಿದ್ದಳು.

ಆರು ತಿಂಗಳಾಯಿತು. ಬರುವ ಸೋಮವಾರ ಬಂದು ಮಗು ಹೊಂದಿಕೊಂಡಿದೆಯೋ ಇಲ್ಲವೋ ನೋಡುತ್ತೇವೆ ಎಂದು ಅಮ್ಮಾವರು ಹೇಳಿಕಳಿಸಿದರು. ಲಗಮವ್ವ ಗಂಡನನ್ನು ಹುಡುಕಿಕೊಂಡು ಕುರಿಹಟ್ಟಿಗೆ ಹೋದಳು. "ಇಕಿ ನಮ್ಮನ್ಯಾಗ ಅದಾಳ, ಖರೆ ನಮ್ಮಾಕಿ ಆಗಿಲ್ಲ. ಹೊಳ್ಳಿ ಹೋಗ್ತೀನಿ ಅಂದ್ಲಂದ್ರ ಏನ್ ಮಾಡೂದು?" ಎಂದು ಗಂಡನನ್ನು ಕೇಳಿದಳು.

ಅದೇ ವಾರ ಹಿಂಡಿನಲ್ಲಿ ಒಂದು ಕುರಿಯ ಮರಿ ಸತ್ತಿತು. ಇನ್ನೊಂದು ಕುರಿ ಮರಿ ಈದು ಸತ್ತುಹೋಯಿತು. ಮಾಳಪ್ಪ ತನ್ನ ವಿದ್ಯೆ ನಡೆಸಿ ತಬ್ಬಲಿ ಮರಿಗೆ ತೊಗಲು ತೊಡಿಸಿದ. ಹುಡುಗಿ ದಿನಾ ಹಟ್ಟಿಯಲ್ಲಿ ಆ ಮರಿಯ ಎದುರಿಗೇ ಕೂತಿರುತ್ತಿದ್ದಳು. ನಾಲ್ಕನೇ ದಿನ ಬೆಳಿಗ್ಗೆ ಮಾಳಪ್ಪ ಚಾಕು ಹಿಡಿದು ಬಂದು ಮರಿಯ ಮೈಮೇಲಿನ ತೊಗಲನ್ನು ಕತ್ತರಿಸತೊಡಗಿದ.

"ಯಾಕ ತಗೀತೀರಿ?" ಹುಡುಗಿ ಕೇಳಿದಳು.

"ಇನ್ನ ಬೇಕಾಗಿಲ್ಲವ್ವ. ನಾಕ ದಿನ ತಾಯಿ ಹಾಲು ಕುಡದೈತಿ. ಆ ಹಾಲಿನ ವಾಸನಿನ ಇದರ ಮೈಗೆ ಬಂದೈತಿ. ಈಗ ತಾಯಿ ಇದನ್ನ ಇದರ ವಾಸನಿಯಿಂದನ ಗುರ್ತು ಹಿಡೀತೈತಿ."

"ತಗೀಲಿಲ್ಲಂದ್ರ?"

"ತೊಗಲು ಕೊಳೀತೈತಿ. ಹುಳ ಬೀಳತಾವು. ಒಳಗಿನ ಮರಿನೂ ಉಳಿಯೂದಿಲ್ಲ."

ಹುಡುಗಿ ಮರಿಯನ್ನು ನೋಡಿದಳು. ಆಮೇಲೆ ತಾನು ಉಟ್ಟಿದ್ದ ಹಸಿರು ಲಂಗವನ್ನು ನೋಡಿಕೊಂಡಳು.

"ನಂದು ಯಾವಾಗ ತಗೀತೀರಿ?" ಅಂದಳು.

ಅದರಲ್ಲಿ ಸಿಟ್ಟಿರಲಿಲ್ಲ. ಬಸ್ಸು ಯಾವಾಗ ಬರುತ್ತದೆ ಎಂದು ಕೇಳಿದ ಹಾಗಿತ್ತು. ಕೊಳೆಯುವ ತೊಗಲಿನ ವಿಚಾರ ಹತ್ತು ಊರಿಗೆ ಹೇಳಿಕೊಟ್ಟವನಿಗೆ ತನ್ನ ಮನೆಯಲ್ಲಿ ಆರು ತಿಂಗಳಿಂದ ನಡೆದದ್ದು ಕಂಡಿರಲಿಲ್ಲ. ನಾಚಿಕೆಯಾಯಿತು ಅವನಿಗೆ. ಕೆಲಸ ಮುಗಿಸಿ ಮನೆಗೆ ಹೋಗಿ ಹೆಂಡತಿಯ ಮುಂದೆ ಎಲ್ಲ ಹೇಳಿದ.

ಲಗಮವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು. "ಹಂಗಾರ ನನ್ನ ಹೊನ್ನಿ? ಆ ಹೆಸರೂ ಬಿಟ್ರ ಆಕಿ ಪೂರಾ ಹೋದಂಗಲ್ಲ?"

"ಆಕಿ ಹೋಗ್ಯಾಳ, ಲಗಮಿ. ತೊಗಲು ಎಷ್ಟ್ ದಿನ ಇಟ್ರೂ ಸತ್ತ ಮರಿ ಹೊಳ್ಳಿ ಬರೂದಿಲ್ಲ. ಇರೂ ಮರಿನ ನಾವು ಕೊಲ್ಲೂದು ಬ್ಯಾಡ."

ಹಂಚಿನ ಮೇಲಿನ ರೊಟ್ಟಿ ಕರಕಲಾಯಿತು. ಇಬ್ಬರೂ ತೆಗೆಯಲಿಲ್ಲ. ಲಗಮವ್ವ ಕಣ್ಣೊರೆಸಿಕೊಂಡು ಎದ್ದು ಹೊಸ್ತಿಲಿಗೆ ಬಂದಳು. ಹುಡುಗಿ ದೂರದ ಹಟ್ಟಿಯ ಬಳಿ ಬೆನ್ನು ಮಾಡಿ ಕೂತಿದ್ದಳು.

"ಯಮುನಾ" ಎಂದು ಕರೆದಳು.

ಹುಡುಗಿ ಒಂದೇ ಕೂಗಿಗೆ ತಿರುಗಿದಳು. ಎದ್ದು ಓಡಿ ಬಂದಳು. ಲಗಮವ್ವ ನೆಲಕ್ಕೆ ಕೂತು ಅವಳ ಕಾಲಿನ ಗೆಜ್ಜೆ ಬಿಚ್ಚಿದಳು.

"ನಿನಗ ಏನ್ ಸೇರತೈತಿ ಅಂತ ನಾ ಒಂದಿನಾನೂ ಕೇಳಲಿಲ್ಲವ್ವ" ಅಂದಳು.

ಹುಡುಗಿ ಅವಳ ಪಕ್ಕದಲ್ಲೇ ಕೂತಳು. "ಮೊಸರವಲಕ್ಕಿ. ಹೋಳಿಗಿ ಸೇರೂದಿಲ್ಲ." ಆಮೇಲೆ ಗೆಜ್ಜೆಯತ್ತ ಬೆರಳು ಮಾಡಿ ಕೇಳಿದಳು, "ಹೊನ್ನಿ ಹೆಂಗಿದ್ಲು?"

ಮಗಳು ತೀರಿಕೊಂಡ ಮೇಲೆ ಯಾರೂ ಲಗಮವ್ವನನ್ನು ಹಾಗೆ ಕೇಳಿರಲಿಲ್ಲ. ನೋವಾದೀತೆಂದು ಎಲ್ಲರೂ ಮಾತು ಮರೆಸುತ್ತಿದ್ದರು. ಅವಳು ಹೇಳುತ್ತ ಹೋದಳು. ಹೊನ್ನಿ ಟಗರಿನ ಮೇಲೆ ಕೂತು ಬಿದ್ದದ್ದು, ಬೆಲ್ಲ ಕದ್ದು ಇರುವೆ ಕಚ್ಚಿಸಿಕೊಂಡದ್ದು ಎಲ್ಲವನ್ನೂ ಹೇಳಿದಳು. ಹೇಳುತ್ತ ಅತ್ತಳು, ಅಳುತ್ತ ನಕ್ಕಳು. ಯಮುನಾ ಅವಳ ತೊಡೆಗೆ ಒರಗಿ ಕೇಳಿಸಿಕೊಂಡಳು. ಹಸಿರು ಲಂಗ ಟ್ರಂಕು ಸೇರಿತು, ಗೆಜ್ಜೆಗಳು ದೇವರ ಜಗಲಿ ಸೇರಿದವು.

ಸೋಮವಾರ ಅಮ್ಮಾವರು ಬಂದರು. "ನಿನ್ನ ಹೆಸರೇನು ಪುಟ್ಟಿ?" ಎಂದು ಕೇಳಿದರು. ಲಗಮವ್ವ ಬಾಗಿಲ ಮರೆಯಲ್ಲಿ ಸೆರಗು ಕಚ್ಚಿ ನಿಂತಿದ್ದಳು.

"ಯಮುನಾ" ಅಂದಳು ಹುಡುಗಿ. "ನಮ್ಮಕ್ಕನ ಹೆಸರು ಹೊನ್ನಿ."

ಅಮ್ಮಾವರು ಬರೆದುಕೊಳ್ಳುತ್ತಿದ್ದ ಪೆನ್ನು ಕೆಳಗಿಟ್ಟು, ಚಹಾ ಸಿಗುತ್ತದೆಯೇ ಎಂದು ಕೇಳಿದರು.

ಈಗ ಆ ಮನೆಯಲ್ಲಿ ಮೊದಲಿನ ಶಾಣ್ಯಾ ಹುಡುಗಿ ಇಲ್ಲ. ಯಮುನಾ ತಾಟು ತೊಳೆಯುವುದಿಲ್ಲ, ಸ್ನಾನಕ್ಕೆ ಕರೆದರೆ ಓಡಿಹೋಗುತ್ತಾಳೆ, "ಅವ್ವಾ, ನೀ ಮೊಸರವಲಕ್ಕಿ ಮಾಡ್ತೀಯೋ ಇಲ್ಲೋ" ಎಂದು ಕಾಲು ಅಪ್ಪಳಿಸುತ್ತಾಳೆ. ಲಗಮವ್ವ ಓಣಿಗೆಲ್ಲ ಕೇಳುವಂತೆ ಬೈಯುತ್ತಾಳೆ, ಬೈಯುವಾಗ ಅವಳ ಮುಖ ನೋಡಬೇಕು. ಗೂಟದ ಮೇಲಿನ ಚೀಲ ಖಾಲಿಯಾಗಿ, ಅದರಲ್ಲೀಗ ಬೆಳ್ಳುಳ್ಳಿ ಇಟ್ಟಿದ್ದಾಳೆ.

"ಮಗಳು ಭಾಳ ಕೆಟ್ಟಾಳಲ್ಲೋ ಮಾಳಪ್ಪ" ಎಂದು ಯಾರೋ ಅಂದರು.

"ಕೆಚ್ಚಲಿಗೆ ಗುದ್ದಿ ಗುದ್ದಿ ಕುಡಿಯೂದು ತಾಯಿಯ ಸ್ವಂತ ಮರಿ" ಅಂದ ಮಾಳಪ್ಪ. "ಹೆದರಿ ಕುಡಿಯೂದು ಪರರ ಮರಿ."

ನೀತಿ: ಹೋದವರ ಹೆಸರು ತೊಡಿಸಿ ಬಂದ ಮಗುವನ್ನು ಪ್ರೀತಿಸಲಾಗದು. ಹೋದವರನ್ನು ಮನಸ್ಸು ಬಿಚ್ಚಿ ನೆನೆಯಿರಿ, ಬಂದ ಮಗುವನ್ನು ಅದರ ಹೆಸರು, ಅದರ ರುಚಿ, ಅದರ ಹಟದ ಸಮೇತ ಮನೆಯೊಳಗೆ ಬಿಟ್ಟುಕೊಳ್ಳಿ. ಹಟ ಮಾಡುವ ಧೈರ್ಯ ಬಂದ ದಿನವೇ ಅದು ನಿಮ್ಮ ಮಗು.