ಆಶ್ರಮದ ಅಡ್ಮಿನ್

ಕಬಿನಿ ದಂಡೆಯ ಆಶ್ರಮದ ಕಚೇರಿಗೆ ಆರು ಕಂಪ್ಯೂಟರುಗಳು ಬಂದವು. ಕಡತಗಳನ್ನೆಲ್ಲ ಒಂದೇ ಸರ್ವರಿನಲ್ಲಿಟ್ಟು, ಯಾರು ಯಾವುದನ್ನು ತೆರೆಯಬಹುದೆಂದು ಗೊತ್ತುಮಾಡುವ ಕೆಲಸವನ್ನು ಗುರುಗಳು ಶಿಷ್ಯ ಸೋಮಾರಾಧ್ಯನಿಗೆ ವಹಿಸಿದರು.

ಮೂರು ದಿನ ಅವನು ಅದರಲ್ಲೇ ಮುಳುಗಿದ. ಶಾಲೆಯ ಫೋಲ್ಡರ್ ಮೇಷ್ಟರಿಗೆ, ಔಷಧಾಲಯದ್ದು ವೈದ್ಯರಿಗೆ. ಒಬ್ಬೊಬ್ಬರಿಗೂ ಒಂದು ಲಾಗಿನ್, ಒಂದು ಪಾಸ್‌ವರ್ಡ್.

"ನನ್ನದು ನೀನೂ ನೋಡಬಹುದೇನಪ್ಪಾ?" ಎಂದು ಕಚೇರಿಯ ಪುಟ್ಟಗೌರಮ್ಮ ಕೇಳಿದರು.

"ನಾನು ಅಡ್ಮಿನ್ ಅಲ್ವಾಮ್ಮ. ಬೇಕು ಅಂದ್ರೆ ಎಲ್ಲಾರದ್ದೂ ತೆಗೀಬಹುದು."

"ಬುದ್ಧಿಯೋರದ್ದೂವೆ?" ಎಂದು ಆಕೆ ಗುರುಗಳ ಕೋಣೆಯತ್ತ ನೋಡಿದರು.

"ಅವರದ್ದೂನೂ."

ಹಾಗೆ ಹೇಳುವಾಗ ಅವನಿಗೆ ಸ್ವಲ್ಪ ಹೆಮ್ಮೆಯೆನಿಸಿತು.

ಗುರುಗಳ ಫೋಲ್ಡರಿನಲ್ಲಿ ನಲವತ್ತು ವರ್ಷಗಳ ಪತ್ರಗಳಿದ್ದವು. ಜನ ತಮ್ಮ ದುಃಖವನ್ನೂ ತಪ್ಪುಗಳನ್ನೂ ಬರೆದು ಕಳಿಸಿದಂಥವು. ಬೇರೆಯವರ ಕಣ್ಣಿಗೆ ಬೀಳಬಾರದೆಂದು ಗುರುಗಳು ಆ ಇಳಿವಯಸ್ಸಿನಲ್ಲೂ ತಾವೇ ಕೂತು ಒಂದೊಂದನ್ನೂ ಸ್ಕ್ಯಾನ್ ಮಾಡಿದ್ದರು.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಸೋಮಾರಾಧ್ಯ ಆ ಫೋಲ್ಡರ್ ತೆರೆದ. ಹೆಸರುಗಳ ಸಾಲಿನಲ್ಲಿ ತನ್ನ ತಂದೆಯ ಹೆಸರು ಕಂಡಿತು.

"ಬುದ್ಧಿಯವರ ಪಾದಗಳಿಗೆ. ಎದುರುಮನೆಯ ಕೊಟ್ಟಿಗೆಗೆ ಬೆಂಕಿಯಿಟ್ಟವನು ನನ್ನ ಮಗನೇ. ಕರುವೊಂದು ಬೆಂದು ಸತ್ತಿತು. ಊರಿಗೆ ಇದು ಗೊತ್ತಿಲ್ಲ. ಅವನ ಮುಖ ನೋಡಲು ನನಗೆ ಭಯ. ಸೋಮವಾರ ಅವನನ್ನು ನಿಮ್ಮಲ್ಲಿಗೆ ಕಳಿಸುತ್ತೇನೆ."

ಆಶ್ರಮಕ್ಕೆ ಬಂದಾಗಿನಿಂದ, ಹದಿನಾಲ್ಕು ವರ್ಷ, ಸೋಮಾರಾಧ್ಯ ಬಚ್ಚಿಟ್ಟುಕೊಂಡಿದ್ದು ಅದನ್ನೇ.

ಗುರುಗಳು ಹೊಳೆಯ ಮೆಟ್ಟಿಲ ಮೇಲಿದ್ದರು. ಅವನು ಓಡುತ್ತಲೇ ಹೋಗಿ ನಿಂತ.

"ಬುದ್ಧಿ, ತಪ್ಪು ಮಾಡಿದೆ. ನಿಮ್ಮ ಪತ್ರಗಳನ್ನು ತೆರೆದೆ."

"ಯಾವುದು ಸಿಕ್ಕಿತು?"

"ಅಪ್ಪನದು."

ಗುರುಗಳು ಪಕ್ಕದಲ್ಲಿ ಜಾಗ ತೋರಿಸಿದರು. ಅವನು ಕೂರಲಿಲ್ಲ.

"ನಾನು ಬರುವ ಮೊದಲೇ ನಿಮಗೆ ಗೊತ್ತಿತ್ತೆ?"

"ಪತ್ರ ಎರಡು ದಿನ ಮುಂಚೆ ಬಂತು."

"ಆದರೂ ಬಂದ ದಿನವೇ ನನ್ನ ಕೈಗೆ ಬೆಂಕಿಪೊಟ್ಟಣ ಕೊಟ್ಟಿರಿ. ಹೋಗಿ ಅಡುಗೆಮನೆಯ ಒಲೆ ಹಚ್ಚು ಅಂದಿರಿ!"

"ಇನ್ನೂರು ಜನ ಹಸಿದು ಕೂತಿದ್ದರು. ನೀನು ಚೆನ್ನಾಗಿ ಹಚ್ಚಿದೆ."

ಸೋಮಾರಾಧ್ಯ ಹದಿನಾಲ್ಕು ವರ್ಷ ದಿನವೂ ಈ ಮುಖವನ್ನು ನೋಡಿದ್ದ. ಒಂದು ದಿನವೂ ಆ ಕಣ್ಣುಗಳಲ್ಲಿ ಅವನಿಗೆ ಆ ಕರು ಕಂಡಿರಲಿಲ್ಲ.

ಅವನು ಮೆಟ್ಟಿಲ ಮೇಲೆ ಮೊಣಕಾಲೂರಿದ.

"ಈ ಅಡ್ಮಿನ್ ಅಧಿಕಾರ ನನಗೆ ಬೇಡ ಬುದ್ಧಿ. ಎಂದೂ ಇಣುಕದವರು ಯಾರಾದರೂ ಇದ್ದರೆ ಅವರಿಗೆ ಕೊಡಿ."

ಗುರುಗಳು ಅವನ ಹೆಗಲು ಹಿಡಿದು ಮೆಲ್ಲನೆ ಎದ್ದು ನಿಂತರು.

"ಇಣುಕದವನಿಗೆ ಅದರ ಭಾರ ಏನು ಗೊತ್ತು? ಉಳಿದವರ ಪತ್ರಗಳೂ ಅಲ್ಲೇ ಇವೆ ಕಣಯ್ಯಾ, ನೀನೇ ಕಾಯಬೇಕು."